ಸೂಲಗಿತ್ತಿಯ ಬಾಳೆಕಂದು

ಸಖಿನಾ ತನ್ನ ತಾಯಿಯ ಗೋರಿಯ ಮೂಲೆಗೆ ನೆಟ್ಟ ಬಾಳೆಕಂದನ್ನು ಊರ ಮುಖಂಡ ರಜಬ್ ಕಿತ್ತುಬಿಟ್ಟ.

“ಬೇಡ ತಂಗಿ. ಗೋರಿಗೆ ಬಾಳೆ ನೆಡಬಾರ್ದು ಅಂತ ಹಾಜಿಯವರು ಹೇಳಿಲ್ವಾ?”

“ಅಮ್ಮ ಬಾಯಿಬಿಟ್ಟು ಕೇಳಿದ್ದು ಇದೊಂದೇ, ರಜಬಣ್ಣ. ನಿನ್ನ ಹೊಕ್ಕುಳಬಳ್ಳಿ ಕೊಯ್ದ ಕೈ ಅದು.”

“ಇವತ್ತು ಬಾಳೆ ಅಂತೀಯ, ನಾಳೆ ನಲವತ್ತನೇ ದಿನದ ಊಟ ಅಂತೀಯ.”

“ಅಳಬಹುದಾ? ಅದಕ್ಕೂ ಅಪ್ಪಣೆ ಬೇಕಾ?”

ರಜಬ್ ಕಂದಿನ ಬುಡದ ಮಣ್ಣು ಕೊಡವಿದ. ಧರ್ಮಗುರು ಹಾಜಿ ಮೆಕ್ಕಾದಿಂದ ಮರಳಿ ಶುದ್ಧಾಚಾರದ ಕಟ್ಟಳೆಗಳನ್ನು ತಂದ ಮೇಲೆ ಫರೀದ್‌ಪುರದ ಈ ತಗ್ಗುನೆಲದಲ್ಲಿ ಬಡವರು ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದ್ದರು. ಜಮೀನ್ದಾರ ಕಾಳಿಪೂಜೆಗೆಂದು ಹೇರಿದ ತೆರಿಗೆಯನ್ನು ಯಾರೂ ಕೊಡಲಿಲ್ಲ. ಲಾಠಿಯವರು ಬಂದಾಗ ಈ ಸಖಿನಾಳ ಬಾಗಿಲಿಗೆ ಅಡ್ಡ ನಿಂತು ಏಟು ತಿಂದವನು ರಜಬನೇ. ಕಂಪನಿ ಸರ್ಕಾರದ ಕಚೇರಿ ಅವರ ದೂರನ್ನೂ ಕೇಳಲಿಲ್ಲ. ಒಗ್ಗಟ್ಟೊಂದೇ ಉಳಿದಿತ್ತು. ಒಂದು ಕಟ್ಟಳೆ ಸಡಿಲಿಸಿದರೆ ಎಲ್ಲವೂ ಸಡಿಲಾಗುತ್ತದೆಂದು ಅವನಿಗೆ ನಿಜವಾಗಿಯೂ ಭಯವಿತ್ತು.

*

ಹೊಕ್ಕುಳಬಳ್ಳಿಯನ್ನು ಸೂಲಗಿತ್ತಿಯಲ್ಲ, ತಂದೆಯೇ ಕೊಯ್ಯಬೇಕೆಂಬ ಹಾಜಿಯ ಕಟ್ಟಳೆ ಬಂದಾಗ ಸಖಿನಾಳ ತಾಯಿ, ಊರ ಸೂಲಗಿತ್ತಿ ಜಯ್ಗುನ್ ಬೀಬಿ ನಕ್ಕಿದ್ದಳು. “ಒಳ್ಳೇದೇ ಆಯ್ತು ಬಿಡು, ಗಂಡಸರೂ ಒಸಿ ರಕ್ತ ನೋಡ್ಲಿ.”

ಮರುವರ್ಷ ರಜಬನ ಹೆಂಡತಿ ಹೆತ್ತಳು. ಊರ ಮುಖಂಡನೇ ಕಟ್ಟಳೆ ಮೀರುವುದುಂಟೇ? ಮುದುಕಿಯನ್ನು ಹೊರಗೆ ನಿಲ್ಲಿಸಿ, ಬಳ್ಳಿ ಕೊಯ್ಯುವ ಬಿದಿರುಸೀಳು ಹಿಡಿದು ಅವನೊಬ್ಬನೇ ಒಳಗೆ ಹೋದ. ಅವಳು ತಟ್ಟಿಗೋಡೆಗೆ ಬಾಯಿಟ್ಟು ಕೂಗಿದಳು: “ಮೊದಲು ನೂಲು ಕಟ್ಟು ಮಗನೇ, ಆಮೇಲೆ ಕೊಯ್ಯಿ. ಹೊಟ್ಟೆಯಿಂದ ಬೆರಳಲ್ಲಿ ಅಳೆದು ಬಿಡು...” ಎಷ್ಟು ಬೆರಳೆಂಬುದು ಮಗುವಿನ ಅಳುವಿನಲ್ಲಿ ಮುಚ್ಚಿಹೋಯಿತು. ಗಾಬರಿಯಲ್ಲಿ ಅವನಿಗೆ ನೂಲಿನ ಮಾತು ಮರೆಯಿತು. ಮೊದಲು ಕೊಯ್ದ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಳು ನಿಂತಿತ್ತು; ಹೊತ್ತು ಮುಳುಗುವ ಮೊದಲು ಮಗುವನ್ನು ಹೂಳಿದರು. ಜಯ್ಗುನ್ ಮತ್ತೆ ಯಾರ ಹೆರಿಗೆಗೂ ಹೋಗಲಿಲ್ಲ.

*

ಇಂದು ಜಯ್ಗುನಳನ್ನು ಹೂಳಿದವರು ಇನ್ನೂ ಕೈ ತೊಳೆಯುತ್ತಿದ್ದಾಗ ನೇಕಾರರ ತೊಮಿಜ್ ಗದ್ದೆಯ ಬದುವಿನ ಮೇಲೆ ಓಡಿಬಂದ. ಕೈಯಲ್ಲಿ ಬಿದಿರುಸೀಳಿತ್ತು.

“ರಜಬಣ್ಣ, ಹೆರಿಗೆಯಾಯ್ತು. ಹೆಂಗೆ ಕೊಯ್ಯೋದು ಹೇಳು. ನಂಗೇನೂ ಗೊತ್ತಿಲ್ಲ.”

“ಮೊದಲು ನೂಲು ಕಟ್ಟು,” ಎಂದ ರಜಬ್.

“ಎಷ್ಟು ಬೆರಳು ಬಿಟ್ಟು?”

ರಜಬ್ ಸಖಿನಾಳ ಕಡೆ ತಿರುಗಿದ. “ಅಮ್ಮ ನಿಂಗೆ ಹೇಳಿಕೊಟ್ಟಿದ್ಲಾ?”

“ಇಲ್ಲಣ್ಣ. ಇನ್ನು ಯಾರಿಗೆ ಬೇಕು ಈ ಕೆಲಸ ಅಂದ್ಲು.”

ತೊಮಿಜ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಹಸಿಮಣ್ಣಿನ ಗೋರಿಯನ್ನೇ ನೋಡುತ್ತಿದ್ದರು. ರಜಬನ ಕೈಯಲ್ಲಿ ಕಿತ್ತ ಬಾಳೆಕಂದು ಇನ್ನೂ ಇತ್ತು. ಅದರ ಬುಡದಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.