ಎರಡು ಜಿಲ್ಲೆಗಳ ನಡುವಿನ ಕಾಲುಸಂಕ

ಹೇಜಲ್‌ಗಿಲ್ ಹಳ್ಳದ ಈ ದಡ ಯಾರ್ಕ್‌ಷೈರ್, ಆ ದಡ ವೆಸ್ಟ್‌ಮೋರ್‌ಲ್ಯಾಂಡ್. ಬೇಸಿಗೆಯಲ್ಲಿ ಅದು ಮೊಣಕಾಲುದ್ದ; ಬೆಟ್ಟದ ಮೇಲೆ ಮಳೆ ಹೊಡೆದರೆ ಕುರಿಗಳನ್ನೇ ಹೊತ್ತೊಯ್ಯುತ್ತಿತ್ತು. ಸಾವಿರದ ಒಂಬೈನೂರ ಅರವತ್ತಮೂರರ ನೆರೆಗೆ ಅದರ ಮೇಲಿದ್ದ ಮರದ ಕಾಲುಸಂಕ ಕೊಚ್ಚಿಹೋಯಿತು.

ಮರಳಿ ಕಟ್ಟುವುದು ಯಾರು? ಮುರಿದ ಮರ ಹೋಗಿ ಬಿದ್ದಿದ್ದು ಅವರ ದಡಕ್ಕೆ, ಹಾಗಾಗಿ ಅವರದೇ ಕೆಲಸ ಎಂದ ನಮ್ಮ ಏಮಸ್ ಹೇಗಾರ್ತ್. ಮೊದಲು ಕಟ್ಟಿದ್ದು ಯಾರ್ಕ್‌ಷೈರಿನವರು, ಅವರೇ ಕಟ್ಟಲಿ ಎಂದ ಆಚೆ ದಡದ ಜಾಸಿ ಕ್ಯಾಪ್‌ಸ್ಟಿಕ್. ಊರಿನ ಸಭೆಯ ಬರವಣಿಗೆ ನನ್ನ ಪಾಲಿನದಾಗಿತ್ತು. ಮೇಲಿನ ಕಚೇರಿಗೆ ಅರ್ಜಿ ಬರೆಯಲೇ ಎಂದು ಎಷ್ಟು ಸಲ ಕೇಳಿದರೂ ಎರಡು ದಡದವರೂ ಒಪ್ಪಲಿಲ್ಲ. ಅರ್ಜಿ ಹಾಕಿದವರು ಸೋತಂತೆ ಎಂಬ ಹಟ. ಹೀಗೆ ಹನ್ನೊಂದು ವರ್ಷ ಕಳೆಯಿತು.

ಅಷ್ಟೂ ವರ್ಷ ಏಮಸ್ ಮಾತ್ರ ಪ್ರತಿ ಭಾನುವಾರ ಮೂರು ಮೈಲಿ ಸುತ್ತು ಹಾಕಿ ಜಾಸಿಯ ಮನೆಗೆ ಚಹಾಕ್ಕೆ ಹೋಗುತ್ತಿದ್ದ. ಕುರಿಯ ವಿಚಾರ ಮಾತಾಡಲು ಎನ್ನುತ್ತಿದ್ದ. ಜಾಸಿಯ ತಂಗಿ ಮಾರ್ಜರಿ ಚಹಾ ಬಸಿಯುತ್ತಿದ್ದಳೆಂಬುದು ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ತನಾಲ್ಕರಲ್ಲಿ ಸರ್ಕಾರ ಗಡಿಗಳನ್ನು ಹೊಸದಾಗಿ ಎಳೆಯಿತು. ಏಪ್ರಿಲ್ ಒಂದರಿಂದ ಎರಡು ದಡಗಳೂ ಕಂಬ್ರಿಯಾ ಎಂಬ ಹೊಸ ಜಿಲ್ಲೆಗೆ. ಒಬ್ಬರನ್ನೊಬ್ಬರು ಹಂಗಿಸಿಕೊಂಡೇ ಬಂದಿದ್ದವರಿಗೆ ಒಮ್ಮೆಲೇ ಒಂದೇ ದುಃಖ: ತಮ್ಮ ತಮ್ಮ ಜಿಲ್ಲೆಯ ಹೆಸರೇ ಹೋಯಿತೆಂದು. ಹಿಂದಿನ ದಿನ ಭಾನುವಾರ, ಸಂಜೆಯ ಪ್ರಾರ್ಥನೆ ಮುಗಿಸಿ ಎರಡೂ ಕಡೆಯವರು ಚಾಪೆಲಿನಲ್ಲಿ ಕೂತು ಹಣ್ಣಿನ ಕೇಕಿನ ಜೊತೆ ಚೀಸ್ ತಿನ್ನುತ್ತ ಮುಖ ಇಳಿಬಿಟ್ಟಿದ್ದರು. ನಾಳೆಯಿಂದ ಎರಡು ದಡವೂ ಒಂದೇ ಜಿಲ್ಲೆಯಲ್ಲವೇ, ಸಂಕದ ಮಾತು ಈಗಲಾದರೂ ಆಡೋಣವೇ ಎಂದು ಕೇಳಿದೆ.

ಮಾರ್ಜರಿ ಬಟ್ಟಲನ್ನು ಕೆಳಗಿಟ್ಟಳು. ಅವಳಿಗೆ ಆಗ ಐವತ್ತೊಂದು.

"ಏಮಸ್, ಹನ್ನೊಂದು ವರ್ಷದಿಂದ ನಮ್ಮನೆ ಕೇಕು ತಿಂತಾ ಇದ್ದೀಯ. ಕೇಳ್ಬೇಕಾದ್ದು ಒಂದಿನಾನೂ ಕೇಳ್ಲಿಲ್ಲ."

ಏಮಸ್‌ನ ಕಿವಿ ಕೆಂಪಾಯಿತು. "ಕೇಳಿದ್ರೆ ಏನಂತಿದ್ದೆ?"

"ಹೂಂ ಅಂತಿದ್ದೆ. ಆದ್ರೆ ನಿನ್ನ ಮನೆಗೆ ಬಂದ್ಮೇಲೆ ಅಣ್ಣನ ಹಸುಗಳ ಹಾಲು ಕರೆಯೋಕೆ ದಿನಾ ಮೂರು ಮೈಲಿ ಸುತ್ತು ಹಾಕೋಳಲ್ಲ ನಾನು. ಮೊದ್ಲು ಸಂಕ ಕಟ್ಟು."

ಚಾಪೆಲೆಲ್ಲ ಗೊಳ್ಳೆಂದು ನಕ್ಕಿತು. ಜಾಸಿ ಒಬ್ಬನೇ ನಗಲಿಲ್ಲ. ಕೈಯಲ್ಲಿದ್ದ ಕೇಕನ್ನು ತಟ್ಟೆಗಿಟ್ಟು, "ಹಳೇ ರೈಲುದಾರಿಯ ದಿಮ್ಮಿಗಳು ನನ್ನ ಕೊಟ್ಟಿಗೇಲಿವೆ. ನಿಮ್ಮ ಯಾರ್ಕ್‌ಷೈರಿನವರಿಗೆ ಮೊಳೆ ಹೊಡೆಯೋಕಾದ್ರೂ ಬರುತ್ತೋ?" ಎಂದ.

ಕುರಿಗಳು ಮರಿ ಹಾಕುವ ಕಾಲ ಮುಗಿಯುವವರೆಗೆ ಯಾರಿಗೂ ಬಿಡುವಿರಲಿಲ್ಲ. ಮೇ ತಿಂಗಳ ಎರಡು ಶನಿವಾರಗಳಲ್ಲಿ ಹದಿನಾಲ್ಕು ಜನ ಸೇರಿ ಕೆಲಸ ಮುಗಿಸಿದರು. ಜಾಸಿ ಹಳ್ಳಕ್ಕಿಳಿದು ಕಲ್ಲು ಕೂರಿಸಿದ. ಏಮಸ್ ಮೇಲಿನಿಂದ ತಪ್ಪು ಹುಡುಕುತ್ತಿದ್ದ. ಯಾವ ಕಚೇರಿಯನ್ನೂ ಕೇಳಲಿಲ್ಲ, ನಾನೂ ಬರೆಯಲಿಲ್ಲ.

ಹುಲ್ಲು ಕೊಯ್ಲಾದ ಮೇಲೆ ಮದುವೆಯಾಯಿತು. ಆ ಚಳಿಗಾಲ ಜಾಸಿ ದಿನವೂ ಸಂಜೆ ಸಂಕ ದಾಟಿ ಬಂದು ಭಾವನ ಜೊತೆ ಡಾಮಿನೋ ಆಡತೊಡಗಿದ. ಸೋತಾಗಲೆಲ್ಲ ತಂಗಿಯ ಅಡಿಗೆಯಲ್ಲಿ ಉಪ್ಪು ಹೆಚ್ಚಾಯಿತು ಎನ್ನುತ್ತಿದ್ದನಂತೆ. ಮಾರ್ಜರಿ ಇನ್ನೊಂದು ಸೌಟು ಬಡಿಸುತ್ತಿದ್ದಳು.