ಕೋಣೆಯೊಳಗಿನ ಕೆರೆ

ಅಗೋ ಮತ್ತೆ ಅಲುಗಿತು, ಕಿಟಕಿಯ ಬೆಳಕು, ಹೊರಗೆ ಯಾರೋ ಸೈಕಲ್ಲಿನಲ್ಲಿ ಹಾದುಹೋದರೇನೋ, ಕರಿಕಲ್ಲಿನ ನೆಲದೊಳಗೊಂದು ಅಲೆ ಎದ್ದು ಮಂಚದ ಕಾಲಿನವರೆಗೆ ಬಂದು ಸುಮ್ಮನಾಯಿತು, ಮಂಡಿಯೂರಿ ಕೂತಿದ್ದ ಕಿರಿಸೊಸೆ ಉಜ್ಜುವುದನ್ನು ಬಿಟ್ಟು ಅದನ್ನೇ ನೋಡಿದಳು, ಛೆ, ನೋಡುತ್ತ ಕೂತರೆ ಬಕೆಟ್ಟಿನ ಬಿಸಿನೀರು ಆರುತ್ತದೆ, ನೀರು ಆರಿದರೆ ಸೋಡಾ ಪುಡಿಗೆ ನೆಲದ ಮೇಣ ಬಿಡುವುದಿಲ್ಲ, ಅತ್ತೆ ಅಂಗಡಿಯಿಂದ ಬರುವುದರೊಳಗೆ ಮಂಚದಿಂದ ಬಚ್ಚಲ ಬಾಗಿಲಿನವರೆಗಾದರೂ ಒಂದು ಪಟ್ಟಿ ಮುಗಿಯಬೇಕು, ಬಂದಮೇಲೆ ಬೈಯಲಿ, ಬೈಗುಳವೇನು ಮೈಗೆ ಅಂಟಿಕೊಳ್ಳುತ್ತದೆಯೇ, ಅಂಟಿಕೊಳ್ಳುವುದು ಈ ಮೇಣ, ಉಗುರಿನ ಸಂದಿಯಲ್ಲೆಲ್ಲ ಹಳದಿ ಮೇಣ — ಅಲ್ವೇ ಹುಡುಗಿ, ನೀರೊಳಗೆ ಕೂತ್ಕೊಂಡು ಏನ್ ಮಾಡ್ತಿದೀಯೇ, ಶೀತ ಆಗುತ್ತೆ ಎದ್ದೇಳು, ಎಂದರು ಮಂಚದ ಮೇಲಿಂದ ಅಜ್ಜಿ, ಮಾವನ ತಾಯಿ, ಎರಡೂ ಕಾಲು ಮೇಲೆತ್ತಿಕೊಂಡು ದೋಣಿಯಲ್ಲಿ ಕೂತವರ ಹಾಗೆ ಕೂತಿದ್ದಾರೆ, ನೀರಲ್ಲ ಅಜ್ಜಿ ಅನ್ನಬೇಕು, ಅಂದು ಅಂದೇ ಈ ಮನೆಯವರೆಲ್ಲ ಸೋತಿದ್ದಾರೆ, ಇವಳು ಅನ್ನಲಿಲ್ಲ, ಆಯ್ತು ಅಜ್ಜಿ, ಈಗ ಎದ್ದೆ, ಎಂದಷ್ಟೇ ಹೇಳಿ ಬ್ರಷ್ಷನ್ನು ಇನ್ನೂ ಒತ್ತಿ ಹಿಡಿದಳು. ಅಜ್ಜಿ ಜಾರಿದ್ದು ನಿಜವಾದ ನೀರಿನಲ್ಲೇ, ಬಚ್ಚಲ ಬಾಗಿಲಲ್ಲಿ ಯಾರೋ ಚೆಲ್ಲಿದ್ದ ನೀರು, ಒಂಬತ್ತು ಜನ ಓಡಾಡುವ ಮನೆ, ಯಾರದೆಂದು ಹುಡುಕುವುದು, ಬೂಟು ಬಿಚ್ಚದೆ ನುಗ್ಗುವ ಮಕ್ಕಳು, ಹಾಲಿನ ಲೋಟ ಹಿಡಿದು ಕುಣಿಯುವ ಪುಟ್ಟಿ, ಸ್ನಾನ ಮಾಡಿ ಮೈ ಒರೆಸದೆ ಟವೆಲ್ಲು ಹುಡುಕಿಕೊಂಡು ಬರುವ ಭಾವ, ಅಜ್ಜಿಯ ಮುರಿದ ಸೊಂಟದ ಮೂಳೆ ಕೂಡಿತು, ಡಾಕ್ಟರು ನಡೆಸಿ ಎಂದರು, ಆದರೆ ನಿಲ್ಲಿಸಿದಾಗಲೆಲ್ಲ ಅದೇ, ಅಜ್ಜಿಯ ಬಲಗಾಲು ಮುಂದೆ ಬರುತ್ತದೆ, ನೆಲಕ್ಕೆ ಇನ್ನೊಂದು ಬೆರಳಗಲ ಇದೆ ಎನ್ನುವಾಗ ಗಾಳಿಯಲ್ಲೇ ನಿಲ್ಲುತ್ತದೆ, ಬೆರಳುಗಳು ಹಕ್ಕಿಮರಿಯ ಹಾಗೆ ಮುದುಡುತ್ತವೆ, ಬೇಡಪ್ಪ, ನೀರಿದೆ, ನನ್ನ ಬಿಟ್ಬಿಡಿ.

ಅತ್ತೆಗೆ ಅದು ಎದೆಗೆ ನೆಟ್ಟ ಮಾತು, ನನ್ನ ನೆಲದಲ್ಲಿ ನೀರಾ, ಈ ಮನೆಯಲ್ಲಿ ನೆಲವೆಂದರೆ ಅತ್ತೆಯ ಮಾನ, ಗುಡಿಸು, ಒದ್ದೆ ಬಟ್ಟೆಯಲ್ಲಿ ಒರೆಸು, ಒಣ ಬಟ್ಟೆಯಲ್ಲಿ ಒರೆಸು, ವಾರಕ್ಕೊಮ್ಮೆ ಮಾವನ ಹಳೇ ಬನಿಯನ್ನಿನಿಂದ ಮೇಣ ತಿಕ್ಕು, ನೆಲದಲ್ಲಿ ಮುಖ ಕಾಣಬೇಕು ಕಣೇ, ಆಗ ಮನೆ ಅನ್ನಿಸಿಕೊಳ್ಳೋದು, ಮುಖವೇನೋ ಕಾಣುತ್ತದೆ, ಮದುವೆಯಾಗಿ ಬಂದ ಹೊಸತರಲ್ಲಿ ತಲೆ ಎತ್ತಲು ನಾಚಿ ಈ ಮನೆಯವರನ್ನೆಲ್ಲ ಇವಳು ಮೊದಲು ಗುರುತು ಹಿಡಿದದ್ದೇ ನೆಲದೊಳಗೆ, ತಲೆಕೆಳಗಾಗಿ, ಮಾವನ ಗದ್ದ, ವಾರಗಿತ್ತಿಯ ಬ್ಯಾಗು, ಅತ್ತೆಯ ಹುಬ್ಬು ಗಂಟಾದರೆ ಅದೂ ಅಲ್ಲೇ ಮೊದಲು ಗೊತ್ತಾಗುತ್ತಿತ್ತು, ಗಂಡ ಚೇಷ್ಟೆ ಮಾಡುತ್ತಿದ್ದ, ನೀನು ನನ್ನ ಮದುವೆ ಆದ್ಯೋ ನೆಲಾನೋ ಎಂದು — ಅಜ್ಜಿ ಬಿದ್ದಮೇಲೆ ಈ ಕೋಣೆಗೆ ದಿನಾ ಮೇಣ, ಸೊಸೆಯ ಕೈಗೂ ಕೊಡಲಿಲ್ಲ, ಅತ್ತೆ ತಾವೇ ಕೂತು, ನೋಯುವ ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಉಜ್ಜಿದರು, ನನ್ನ ನೆಲದಲ್ಲಿ ಬಿದ್ರಲ್ಲ ಅವರು, ಒಂದು ಹನಿ ಇರಕೂಡದು, ಒಂದು ಜಿಡ್ಡು ಇರಕೂಡದು, ಉಜ್ಜಿದಷ್ಟೂ ನೆಲ ಹೊಳೆಯಿತು, ಹೊಳೆದಷ್ಟೂ ಅಜ್ಜಿ ಕಾಲು ಮೇಲೆತ್ತಿಕೊಂಡರು, ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಪುಟ್ಟಿ ಎಲ್ಲರೆದುರೂ ಹೇಳಿಬಿಟ್ಟಳು, ಮುತ್ತಜ್ಜಿ ರೂಮಲ್ಲಿ ಕೆರೆ ಇದೆ, ನಂಗೆ ಹಾರ್ಕೊಂಡು ಬಾ ಅಂತಾರೆ, ಎಲ್ಲರೂ ನಕ್ಕರು, ಮಾವ ನಗಲಿಲ್ಲ, ಅಮ್ಮನಿಗೆ ಬುದ್ಧಿ ಅಲ್ಲಾಡ್ತಿದೆ, ನಮ್ಮ ಕೈಲಿ ಆಗಲ್ಲ ಇನ್ನು, ವೃದ್ಧಾಶ್ರಮದವರಿಗೆ ಹೇಳಿದೀನಿ, ನಾಳೆ ಗಾಡಿ ಬರುತ್ತೆ, ಎಂದರು, ಎಂದವರೇ ತಟ್ಟೆ ಸರಿಸಿ ಎದ್ದು ಕೈ ತೊಳೆಯುವ ನೆವದಲ್ಲಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ನಿಂತೇ ಇದ್ದರು, ಬೆನ್ನು ಅಲುಗುತ್ತಿತ್ತು.

ಇವಳು ಆಗಲೇ ಹೇಳಬೇಕಿತ್ತು, ಗೊತ್ತಿತ್ತಲ್ಲ, ಬೆಳಿಗ್ಗೆ ಅಜ್ಜಿಯ ತಲೆ ಬಾಚಲು ಮಂಚದ ಮೇಲೆ ಪಕ್ಕದಲ್ಲಿ ಕೂತಾಗ ಅಜ್ಜಿ ನೋಡು ಎಂದು ಬೆರಳು ಚಾಚಿದರು, ನೋಡಿದಳು, ನಿಂತು ನೋಡಿದರೆ ಕಲ್ಲು, ಕೂತು ನೋಡಿದರೆ ನೀರು, ಕಿಟಕಿಯ ಕಂಬಿಗಳು ಅದರಲ್ಲಿ ಆಳಕ್ಕೆ ಇಳಿದು ತೂಗುತ್ತಿದ್ದವು, ಬುದ್ಧಿ ಅಲ್ಲಾಡಿಲ್ಲ, ನೆಲ ಅಲ್ಲಾಡುತ್ತಿದೆ — ಮಾವ, ಅದೂ, ಎಂದು ಶುರು ಮಾಡಿದಳು, ಏನಮ್ಮ ಎಂದು ತಿರುಗಿದರೆ ಕಣ್ಣು ಕೆಂಪಾಗಿತ್ತು, ಇನ್ನೊಂಚೂರು ಬಡಿಸಲಾ ಎಂದುಬಿಟ್ಟಳು, ದಡ್ಡಿ, ಶಾಲೆ ಬಿಟ್ಟಾಗಲೂ ಹೀಗೇ ಆಗಿತ್ತು, ಯಾಕೆ ಬಿಡ್ತೀಯ ಎಂದು ಟೀಚರು ಕೇಳಿದಾಗ ಮನಸ್ಸಿನಲ್ಲಿ ಉತ್ತರ ತುಂಬಿತ್ತು, ಬಾಯಿಗೆ ಬಂದದ್ದು ಸುಮ್ನೆ ಎನ್ನುವುದೊಂದೇ, ಈ ಮನೆಯಲ್ಲಿ ಇವಳು ಸುಮ್ನೆ ಅಂದರೂ ಮುಂದಿನ ಮಾತಿಗೆ ಕಾಯುವವರು ಅಜ್ಜಿ ಒಬ್ಬರೇ, ಅಜ್ಜಿ ಹೋದರೆ ಆಮೇಲೆ ಯಾರು, ಯಾರೂ ಇಲ್ಲ, ಉಜ್ಜು, ಬಾಯಿ ಬರದಿದ್ದರೆ ಕೈಯಾದರೂ ಬರಲಿ, ಬಿಸಿನೀರು ಸುರಿ, ಪುಡಿ ಉದುರಿಸು, ಮೇಣ ಮೊಸರಿನ ಹಾಗೆ ಏಳುತ್ತಿದೆ, ಬಟ್ಟೆಯಲ್ಲಿ ಬಳಿ, ಹಿಂಡು, ಒಣ ಬಟ್ಟೆ ಹಾಕು, ಮಂಚದಿಂದ ಬಾಗಿಲಿನವರೆಗೆ ನೆಲ ಮಂಕಾಯಿತು, ಸ್ಲೇಟಿನ ಹಾಗೆ ಬೂದು, ಎರಡೂ ಪಕ್ಕದಲ್ಲಿ ಇನ್ನೂ ಹೊಳಪು, ನಡುವೆ ಒಂದು ಒಣ ದಾರಿ.

ಚಪ್ಪಲಿ ಬಿಟ್ಟ ಸದ್ದು, ಚೀಲ ಇಟ್ಟ ಸದ್ದು, ಹೆಜ್ಜೆ, ಬಾಗಿಲಲ್ಲಿ ಅತ್ತೆ, ಹುಬ್ಬು ಹೇಗಿದೆಯೋ ನೋಡಲು ಕೆಳಗೆ ಕಣ್ಣು ಹೋಯಿತು, ಬೂದು ಕಲ್ಲಿನಲ್ಲಿ ಏನೂ ಇಲ್ಲ, ತಲೆ ಎತ್ತಲೇಬೇಕಾಯಿತು — ಅಯ್ಯೋ, ಏನೇ ಮಾಡಿಟ್ಟೆ ನನ್ನ ನೆಲಾನ, ಕೈ ಸುಮ್ನಿರಲ್ವಾ ನಿಂಗೆ, ಇಷ್ಟು ವರ್ಷದ ಪಾಲಿಶ್ಶು ಕಣೇ, ಎಂದು ಅತ್ತೆ ಅಳುವ ಹಾಗೆ ಕೂಗಿದರು, ಇವಳ ಗಂಟಲಲ್ಲಿ ಅದೇ ಸುಮ್ನೆ ಬಂದು ಕೂತಿತು, ಅದನ್ನು ನುಂಗಿದಳು, ಅತ್ತೆ, ಒಂದ್ಸಲ ಅಜ್ಜಿ ಪಕ್ಕ ಕೂತ್ಕೊಂಡು ನೋಡಿ, ಬೈಯೋದು ಆಮೇಲೆ ಬೈಯಿರಿ, ತನ್ನದೇ ದನಿಯೇ ಇದು, ಇಷ್ಟು ಗಟ್ಟಿಯಾಗಿ, ಅತ್ತೆ ಬೆಪ್ಪಾಗಿ ನೋಡಿದರು, ಕೂರಲಿಕ್ಕಿಲ್ಲ, ಕೂರಲಿಕ್ಕಿಲ್ಲ, ಕೂತರು, ಮಂಚ ಕಿರುಗುಟ್ಟಿತು, ಹೊರಗೆ ಏನೋ ಹಾದುಹೋಯಿತು, ಹೊಳಪು ಉಳಿದಿದ್ದ ಕಡೆ ಬೆಳಕು ಅಲೆಯಾಗಿ ಎದ್ದಿತು, ಅತ್ತೆ ತಮಗೆ ಗೊತ್ತಿಲ್ಲದೆಯೇ ಕಾಲು ಹಿಂದಕ್ಕೆ ಎಳೆದುಕೊಂಡರು, ಎಳೆದುಕೊಂಡದ್ದನ್ನು ತಾವೇ ನೋಡಿದರು, ಬಾಯಿಗೆ ಕೈ ಹೋಯಿತು, ನಾನೇ ದಿನಾ ಉಜ್ಜಿ ಉಜ್ಜಿ, ಅಮ್ಮಾ, ನಾನೇ — ಸೆರಗನ್ನು ಕಣ್ಣಿಗೊತ್ತಿಕೊಂಡರು. ಸಾಕು ಬಿಡೇ ಅಳ್ಬೇಡ, ಎಂದರು ಅಜ್ಜಿ, ಮಗುವನ್ನು ಗದರುವ ಹಾಗೆ, ಕತ್ತು ಬಗ್ಗಿಸಿ ನಡುವಿನ ಬೂದು ದಾರಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು, ಇಲ್ಲಿ ಬತ್ತಿದೆ ಅಲ್ವೇನೇ ಹುಡುಗಿ, ಎಂದು ಕೇಳಿದರು, ಹೌದಜ್ಜಿ, ಬತ್ತಿದೆ, ಅತ್ತೆ ಒಂದು ಕೈ ಹಿಡಿದರು, ಇವಳು ಸೋಡಾ ವಾಸನೆಯ ಒದ್ದೆ ಕೈಯನ್ನು ಸೀರೆಗೆ ಒರೆಸಿ ಇನ್ನೊಂದು ಹಿಡಿದಳು, ಅಜ್ಜಿ ನಿಂತರು, ಬಲಗಾಲು ಮುಂದೆ ಬಂತು, ಅದೇ ಬೆರಳಗಲ, ನಿಂತಿತು, ಬೆರಳು ಮುದುಡಿದವು, ಮಾವ ಬರಲಿ, ಬೇಡ, ಯಾರೂ ಬರುವುದು ಬೇಡ, ಗಾಡಿ, ನಾಳೆ, ಹೆಬ್ಬೆರಳು ಬಿಚ್ಚಿತು, ಅದೊಂದೇ ಕೆಳಗಿಳಿದು ಕಲ್ಲನ್ನು ಮುಟ್ಟಿ ನೋಡಿತು, ಮತ್ತೆ ಎದ್ದಿತು, ಮತ್ತೆ ಮುಟ್ಟಿತು, ಪಕ್ಕದ್ದು ಇಳಿಯಿತು, ಅದರ ಪಕ್ಕದ್ದು, ಹಿಮ್ಮಡಿ, ಅಜ್ಜಿಯ ಪಾದ, ಒಡೆದ, ಬಿಳಿಚಿದ, ಅಗಲವಾದ ಪಾದ, ನೆಲದ ಮೇಲೆ, ಪಾದ —