ಬಿಚ್ಚಿಟ್ಟ ಗಾಡಿಗಳು

ನಾಲ್ಕನೆಯ ಟ್ರೇಲರ್ ಇನ್ನೂ ಪೂರ್ತಿಯಾಗಿ ಗೇಟಿನೊಳಗೆ ಬಂದಿರಲಿಲ್ಲ, ಅಷ್ಟರಲ್ಲೇ ಮೇಸ್ತ್ರಿಯ ಬಾಮೈದ ಜಾಕಿ ಎಳೆದುಕೊಂಡು ಓಡಿದ. "ಬರ್ಲಿ, ಬರ್ಲಿ, ಬರ್ಲಿ... ಸಾಕು!" ಎಂದು ಡ್ರೈವರನಿಗೆ ಕೂಗುತ್ತಲೇ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ಎಳೆದು ತಂದ ಲಾರಿ ಟ್ರೇಲರನ್ನು ಅಲ್ಲೇ ಕಳಚಿಟ್ಟು ರಸ್ತೆಗೆ ತಿರುಗುವಷ್ಟರಲ್ಲಿ ಒಂದು ಕಡೆಯ ನಟ್ಟುಗಳೆಲ್ಲ ಸಡಿಲವಾಗಿದ್ದವು.

"ನಿಧಾನಕ್ಕೆ ಮಾಡೋ. ಗಾಡಿ ಎಲ್ಲಿಗೂ ಓಡಿಹೋಗಲ್ಲ" ಎಂದ ಮೇಸ್ತ್ರಿ.

"ಓಡಿಹೋಗಬಾರ್ದು ಅಂತಾನೇ ಅಲ್ವಾ ಬಾವ, ಬಿಚ್ತಿರೋದು?"

ಇಬ್ಬರೂ ನಕ್ಕರು. ದೊಡ್ಡ ಗಾಡಿಗಳ ರಿಪೇರಿಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಪದ್ಧತಿ ಇದು. ಗಾಡಿ ಬಂದ ಕೂಡಲೇ ಬಿಚ್ಚಿಬಿಡಬೇಕು. ಕೈ ಖಾಲಿ ಇರಲಿ ಬಿಡಲಿ, ಸಾಮಾನು ಸಿಗಲಿ ಬಿಡಲಿ, ಚಕ್ರ ಇಳಿಸಿ, ಅದು ಕೂರುವ ಹಬ್ ಕಳಚಿ, ಒಳಗಿನ ಬೇರಿಂಗನ್ನು ಡೀಸೆಲ್ ತುಂಬಿದ ತಟ್ಟೆಯಲ್ಲಿ ಮುಳುಗಿಸಿಬಿಟ್ಟರೆ ಮುಗಿಯಿತು. ಆಮೇಲೆ ಗಿರಾಕಿ ಕುಣಿದಾಡಿದರೂ ಇನ್ನೊಬ್ಬರ ಶೆಡ್ಡಿಗೆ ಹೋಗುವ ಮಾತಿಲ್ಲ. "ಬಿಚ್ಚಿಬಿಟ್ಟಿದೀವಲ್ಲ ಸಾರ್" ಎಂದು ಮುಖ ಸಣ್ಣದು ಮಾಡಿದರಾಯಿತು. ಹೊಸದಾಗಿ ಶೆಡ್ ಹಾಕಿದವನಿಗಂತೂ ಈ ಬುದ್ಧಿ ಬೇಕೇ ಬೇಕು. ಬೋರ್ಡಿನ ಬಣ್ಣವೇ ಇನ್ನೂ ಒಣಗಿಲ್ಲ, ನಾಲ್ಕು ಗಾಡಿ ಬಂದು ನಿಂತಿವೆ ಎಂದರೆ ಸುಮ್ಮನೆ ಮಾತೇ! ಮೇಸ್ತ್ರಿಗೆ ಅವತ್ತು ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ನಾಲ್ಕೂ ಗಾಡಿಗಳು ಧಣಿಯವು. ಹದಿನೆಂಟು ವರ್ಷ ಮೇಸ್ತ್ರಿ ಗ್ರೀಸ್ ಮೆತ್ತಿಕೊಂಡದ್ದು ಅದೇ ಧಣಿಯ ಟ್ರಾನ್ಸ್‌ಪೋರ್ಟಿನಲ್ಲಿ. ಬಿಟ್ಟುಹೋಗುತ್ತೇನೆ, ಸ್ವಂತ ಮಾಡುತ್ತೇನೆ ಎಂದು ಹೇಳಲು ಆರು ತಿಂಗಳು ಉಗುಳು ನುಂಗಿದ್ದ. ಕೊನೆಗೆ ಹೇಳಿದ ದಿನ ಧಣಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬೆನ್ನು ತಟ್ಟಿ, "ಮಾಡೋ, ಧೈರ್ಯವಾಗಿ ಮಾಡು. ಮೊದಲ ಗಾಡಿ ನಂದೇ. ಸಾಮಾನು ಮಾತ್ರ ಹೊರಗೆ ತಗೋಬೇಡ, ನಮ್ಮ ಆಫೀಸಿಂದ ಕಳಿಸ್ತೀನಿ" ಎಂದರು. ಮೇಸ್ತ್ರಿಯ ಹೆಂಡತಿಯ ಹೆರಿಗೆ ಕಷ್ಟವಾದಾಗ ತಮ್ಮ ಕಾರನ್ನೇ ಆಸ್ಪತ್ರೆಗೆ ಕಳಿಸಿದ್ದ ಮನುಷ್ಯ. ಅವರೆದುರು ಮೇಸ್ತ್ರಿಗೆ ಇದ್ದ ಒಂದೇ ಮಾತು, "ಆಗ್ಲಿ ಧಣಿಗಳೇ."

ಧಣಿಯ ಕಡೆಯ ಆಳು ಮರುದಿನ ಬಂದ. ಅಳತೆ ತಪ್ಪಬಾರದು, ಸ್ಯಾಂಪಲ್ ಬೇಕು ಎಂದು ನಾಲ್ಕು ಗಾಡಿಗಳ ಹಳೆಯ ಬೇರಿಂಗುಗಳನ್ನೂ ಗೋಣಿಚೀಲದಲ್ಲಿ ತುಂಬಿಕೊಂಡು ಹೋದ. ಹೋದವನು ಹೋದ. ಹೊಸ ಬೇರಿಂಗೂ ಬರಲಿಲ್ಲ, ಹಳೆಯದೂ ಬರಲಿಲ್ಲ. ಬೇರಿಂಗ್ ಇಲ್ಲದೆ ಚಕ್ರ ಏರಿಸುವಂತಿಲ್ಲ. ಒಂದು ತಿಂಗಳಾಯಿತು, ಎರಡನೆಯದೂ ಅರ್ಧ ಕಳೆಯಿತು. ಮರದ ದಿಮ್ಮಿಗಳ ಮೇಲೆ ಚಕ್ರವಿಲ್ಲದೆ ಕೂತ ನಾಲ್ಕು ಟ್ರೇಲರುಗಳು ಅಂಗಳವನ್ನೆಲ್ಲ ನುಂಗಿಕೊಂಡವು. ಮೂರು ಕಡೆ ಗೋಡೆ, ಇರುವುದೊಂದು ಗೇಟು, ಗೇಟಿಗೆ ಅಡ್ಡವಾಗಿ ನಾಲ್ಕನೆಯದು. ಮೂಲೆಯ ತಗಡಿನ ಶೆಡ್ಡಿಗೆ ಹೋಗಬೇಕಾದರೆ ಮೇಸ್ತ್ರಿ ಅಡ್ಡಡ್ಡ ನಡೆಯಬೇಕಿತ್ತು. ರಿಪೇರಿಗೆಂದು ಬಂದ ಮೂರು ನಾಲ್ಕು ಲಾರಿಯವರು ಗೇಟಿನಿಂದಲೇ ಇಣುಕಿ, "ಓಹೋ, ಭರ್ಜರಿ ವ್ಯಾಪಾರ!" ಎಂದು ಹಿಂದಕ್ಕೆ ಹೋದರು.

ಶೆಡ್ಡಿನ ಫೋನು ನೋಡಿಕೊಳ್ಳುತ್ತಿದ್ದವಳು ಹೆಂಡತಿ. ಅವಳ ತಮ್ಮ ಬೇರೆಲ್ಲೋ ವೆಲ್ಡಿಂಗ್ ಮಾಡಿಕೊಂಡಿದ್ದವನು, ಅಕ್ಕನ ಮಾತು ಕೇಳಿ ಇದ್ದ ಕೆಲಸ ಬಿಟ್ಟು ಬಂದಿದ್ದ. ಈಗ ಅವನು ದಿನವಿಡೀ ಗೇಟಿಗೆ ಕೊಂಡಿ, ಕುರ್ಚಿಗೆ ಕಾಲು, ಕಾಲಿಗೆ ಇನ್ನೊಂದು ಪಟ್ಟಿ ಎಂದು ವೆಲ್ಡ್ ಮಾಡುತ್ತ ಹೊತ್ತು ಕಳೆಯುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಫೋನು ಇಟ್ಟ ಹೆಂಡತಿ ಕೂತಲ್ಲಿಂದಲೇ ಕೂಗಿದಳು. "ರೀ, ಕೇಳಿಸ್ತಾ? ಆರು ಟ್ರೇಲರ್ ಇರೋರಂತೆ. ಹೆಂಗಸು. ಅವರ ಹಳೇ ಗ್ಯಾರೇಜು ಮುಚ್ಚಿದೆಯಂತೆ. ನಾಳೆ ಒಂದು ಗಾಡಿ ತರ್ತಾರೆ. ಕೆಲಸ ಹಿಡಿಸಿದ್ರೆ ಆರೂ ನಮ್ಮಲ್ಲೇ ಅಂದ್ರು."

"ನಾಳೆಯಾ?" ಮೇಸ್ತ್ರಿ ಅಂಗಳದ ಕಡೆ ನೋಡಿದ. "ಎಲ್ಲಿ ನಿಲ್ಲಿಸೋದೇ, ನನ್ನ ತಲೆ ಮೇಲಾ?"

"ಧಣಿಗೆ ಫೋನ್ ಮಾಡಿ. ಬಾಯಿಬಿಟ್ಟು ಹೇಳಿ ಒಂದ್ಸಲ. ಬೇರಿಂಗ್ ಕೊಡಿ, ಇಲ್ಲಾಂದ್ರೆ ಗಾಡಿ ಎತ್ತಿಸ್ಕೊಳ್ಳಿ ಅಂತ. ಅದೇನು ಬೈಗುಳವಾ?"

ಮೇಸ್ತ್ರಿ ಮಾಡಿದ.

"ಧಣಿಗಳೇ, ಬೇರಿಂಗ್ ಇನ್ನೂ ಬಂದಿಲ್ಲ."

"ಬರತ್ತೆ ಕಣೋ. ನಿಂಗೇನು ಅವಸರ?"

"ಅಲ್ಲ, ಒಂದು ಗಾಡಿದಾದ್ರೂ ಸಿಕ್ಕಿದ್ರೆ ಆಚೆ ತಳ್ಳಿ ಸ್ವಲ್ಪ ಜಾಗ..."

"ಆಚೆ ಯಾಕೆ ತಳ್ತೀಯ? ನಂಗೂ ಇಲ್ಲಿ ನಿಲ್ಸೋಕೆ ಜಾಗ ಇಲ್ಲ. ನಿನ್ನ ಹತ್ರ ಇದ್ರೆ ನಂಗೆ ನಿಶ್ಚಿಂತೆ. ಊಟ ಆಯ್ತಾ?"

"ಆಯ್ತು ಧಣಿಗಳೇ."

ಊಟ ಆಗಿರಲಿಲ್ಲ.

"ಏನಂದ್ರು?" ಎಂದಳು ಹೆಂಡತಿ.

"ಊಟ ಆಯ್ತಾ ಅಂದ್ರು."

"ಆಹಾ! ನೀವು ಆಯ್ತು ಅಂದ್ರಿ. ಎದುರಿಗೆ ಸಿಕ್ಕಿದ್ರೆ ಉಂಡವರ ಹಾಗೆ ಕೈ ತೊಳ್ಕೊಂಡೂ ಬರ್ತಿದ್ರಿ." ಅವಳು ಬೇರೆ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಿನದೋ ಹೆದರಿಕೆಯದೋ ಎಂದು ಕೇಳುವ ಧೈರ್ಯ ಮೇಸ್ತ್ರಿಗಾಗಲಿಲ್ಲ.

ಬಾಮೈದನೂ ಮೇಸ್ತ್ರಿಯೂ ಸೇರಿ ಸಂಜೆಯವರೆಗೆ ನಾಲ್ಕನೆಯ ಟ್ರೇಲರನ್ನು ಗೋಡೆಯ ಕಡೆ ಜರುಗಿಸಲು ಒದ್ದಾಡಿದರು. ಜಾಕಿ ಕೊಟ್ಟು, ಕೆಳಗೆ ಕಬ್ಬಿಣದ ಕೊಳವೆ ಇಟ್ಟು, ಹಾರೆಯಿಂದ ಮೀಟಿ, ಏನೆಲ್ಲ ಮಾಡಿದರೂ ಅದು ಒಂದು ಗೇಣು ಸರಿದು ದಿಮ್ಮಿಯನ್ನು ಸೀಳಿಕೊಂಡು ಕೂತುಬಿಟ್ಟಿತು.

"ಯಾವನು ಬಾವ ಇದನ್ನ ಇಷ್ಟು ಅವಸರದಲ್ಲಿ ಬಿಚ್ಚಿದ್ದು?" ಎಂದ ಬಾಮೈದ, ನೆಲದಲ್ಲಿ ಕೂತು.

"ನಿಮ್ಮಕ್ಕನ ತಮ್ಮ" ಎಂದ ಮೇಸ್ತ್ರಿ.

ಈ ಸಲ ಯಾರೂ ನಗಲಿಲ್ಲ. ಗಿರಾಕಿಗೆಂದು ಹಾಕಿದ ಬೀಗದ ಒಳಗಡೆ ತಾನೇ ನಿಂತಿದ್ದೇನೆ ಎಂಬುದು ಮೇಸ್ತ್ರಿಗೆ ಆಗ ಪೂರ್ತಿ ಅರ್ಥವಾಯಿತು. ಧಣಿಯ ಅಂಗಳದಲ್ಲಿ ಸಂಜೆಯಾದರೆ ಕೈ ತೊಳೆದು ಮನೆಗೆ ಹೋಗಬಹುದಿತ್ತು. ಇಲ್ಲಿ ಅದೂ ಇಲ್ಲ.

ಮರುದಿನ ಬೆಳಗ್ಗೆ ಆ ಹೆಂಗಸಿಗಿಂತ ಮೊದಲು ಬಂದದ್ದು ಧಣಿಯ ಕಾರು. ಫೋನಿನಲ್ಲಿ ಹುಡುಗನ ದನಿ ಯಾಕೋ ಸಪ್ಪಗಿತ್ತು, ನೋಡಿಹೋಗೋಣ ಅನ್ನಿಸಿತಂತೆ. ನಲವತ್ತೈದು ದಾಟಿದ ಮೇಸ್ತ್ರಿ ಧಣಿಯ ಬಾಯಲ್ಲಿ ಇನ್ನೂ ಹುಡುಗನೇ. ಅವರು ಟ್ರೇಲರುಗಳ ನಡುವೆ ಬಟ್ಟೆಗೆ ಏನೂ ತಾಗದಂತೆ ಜಾಗರೂಕತೆಯಿಂದ ನುಸುಳಿ, ಶೆಡ್ಡಿನಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು, ಸುತ್ತ ನೋಡಿ, "ಪರವಾಗಿಲ್ವೋ! ಚೆನ್ನಾಗಿ ಮಾಡ್ಕೊಂಡಿದೀಯ" ಎಂದರು. ಮಾತಿನಲ್ಲಿ ಕಪಟವಿತ್ತೆಂದು ಆಣೆ ಇಟ್ಟು ಹೇಳಲಾಗದು. ನಿಜವಾಗಿಯೂ ಸಂತೋಷಪಟ್ಟ ಹಾಗೇ ಕಾಣುತ್ತಿತ್ತು. ಅದೇ ತಾನೆ ಕಷ್ಟ.

ಮೇಸ್ತ್ರಿ ರಾತ್ರಿಯಿಡೀ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊರಗೆ ಏರ್ ಬ್ರೇಕು ಬುಸ್ಸೆಂದಿತು. ಉದ್ದನೆಯ ಟ್ರೇಲರೊಂದು ಗೇಟಿನೆದುರು ಅರ್ಧ ರಸ್ತೆ ತುಂಬಿಕೊಂಡು ನಿಂತಿತು. ಕ್ಯಾಬಿನ್ನಿನಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹಿಡಿ ಹಿಡಿದು ಸಲೀಸಾಗಿ ಇಳಿದಳು. ಗೇಟಿನ ಬಳಿ ನಿಂತು ಒಳಗೆ ನೋಡಿದಳು.

"ಹಿಂದಿನ ಎಡಗಡೆ ಚಕ್ರ ಕಾದು ವಾಸನೆ ಬರ್ತಿದೆ. ಎಲ್ಲಿ ನಿಲ್ಸ್ಲಿ? ಜಾಗ ಇದೆಯಾ?"

ಮೇಸ್ತ್ರಿ ಬಾಯಿ ತೆರೆದ.

"ಜಾಗ ಎಲ್ಲಿದೆಯಮ್ಮ, ನೋಡ್ತಿಲ್ವಾ?" ಎಂದರು ಧಣಿ ಕುರ್ಚಿಯಿಂದಲೇ, ದೊಡ್ಡ ದನಿಯಲ್ಲಿ, ಹೆಮ್ಮೆಯಿಂದ. "ನಮ್ಮ ಹುಡುಗಂಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಅವನ ಕೈಗುಣ ಹಾಗಿದೆ. ಮುಂದೆ ದೊಡ್ಡ ರಸ್ತೇಲಿ ಇನ್ನೊಂದು ಶೆಡ್ಡಿದೆ, ಅಲ್ಲಿಗೆ ಹೋಗಿ."

ಹೆಂಗಸು ಧಣಿಯನ್ನು ನೋಡಿದಳು, ಆಮೇಲೆ ಮೇಸ್ತ್ರಿಯನ್ನು.

"ಮೇಸ್ತ್ರಿ ಯಾರು? ನೀವಾ, ಅವರಾ?"

"ನಾನೇ."

"ಏನಂದ್ರಿ? ಕೇಳಿಸ್ಲಿಲ್ಲ."

ಹೆಂಡತಿ ಫೋನಿನ ಪಕ್ಕ ಕಲ್ಲಿನ ಹಾಗೆ ನಿಂತಿದ್ದಳು. ಬಾಮೈದ ನೆಲ ನೋಡುತ್ತಿದ್ದ. ಹೆಂಗಸು ಭುಜ ಕುಣಿಸಿ, ಕ್ಯಾಬಿನ್ನಿನ ಕಡೆ ತಿರುಗಿದಳು. ಧಣಿಗೆ ಎದುರು ಮಾತಾಡುವುದು ಮೇಸ್ತ್ರಿಯಿಂದ ಆಗಲಿಲ್ಲ. ಅವತ್ತೂ ಆಗಲಿಲ್ಲ. ಅವನು ಬಗ್ಗಿ ಜಾಕಿಯ ಹಿಡಿಕೆ ಹಿಡಿದ, ನಟ್ಟು ಬಿಚ್ಚುವ ಪಾನಾಗಳ ಡಬ್ಬಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡ, ತಾನೇ ಬಿಚ್ಚಿಟ್ಟ ಗಾಡಿಗಳ ನಡುವೆ ಅಡ್ಡಡ್ಡ ನಡೆದು ಗೇಟು ದಾಟಿದ.

"ಎಂಜಿನ್ ಆಫ್ ಮಾಡಿ ಮೇಡಂ. ಇಲ್ಲೇ ನೋಡ್ತೀನಿ."

"ರಸ್ತೇಲಾ?"

"ಹೂಂ. ರಸ್ತೇಲೇ."

ಬಾಮೈದ ಹಿಂದೆಯೇ ಓಡಿಬಂದು ಚಕ್ರಗಳಿಗೆ ಕಲ್ಲು ಕೊಟ್ಟ. ಅಭ್ಯಾಸಬಲದಿಂದ ನಟ್ಟಿಗೆ ಪಾನಾ ಹಾಕಲು ಹೋದವನನ್ನು ಮೇಸ್ತ್ರಿ ತಡೆದ. "ಬಿಚ್ಚಬೇಡ. ಮೊದ್ಲು ಏನಾಗಿದೆ ನೋಡೋಣ." ಅಂಗಾತ ಮಲಗಿ, ಬೆನ್ನಲ್ಲೇ ಜರುಗುತ್ತ ಆಕ್ಸಲ್ಲಿನ ಕೆಳಗೆ ಹೋದ. ಬ್ರೇಕನ್ನು ಬಿಗಿ ಸಡಿಲ ಮಾಡುವ ಲಿವರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಕ್ರ ಕಾದದ್ದು ಅದಕ್ಕೇ, ಇಳಿಸುವ ಅಗತ್ಯವೇ ಇರಲಿಲ್ಲ. ಹಿಂದೆ ನಿಂತ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ಹೆಂಗಸು ರಸ್ತೆಯ ಮಧ್ಯೆ ನಿಂತು ಒಂದೊಂದನ್ನೇ ದಾಟಿಸುತ್ತ, ಕೆಳಕ್ಕೆ ಬಗ್ಗಿ ಹೇಳಿದಳು.

"ಕೆಲಸ ಮಾಡ್ತೀರ, ಸರಿ. ಆದ್ರೆ ಆರೂ ಗಾಡಿ ರಸ್ತೇಲಿ ನಿಲ್ಸೋಕಾಗಲ್ಲ ಮೇಸ್ತ್ರಿ."

"ಗೊತ್ತು ಮೇಡಂ."

ಗೊತ್ತಿತ್ತು. ಇವತ್ತು ಮಧ್ಯಾಹ್ನದೊಳಗೆ ಯಾರಾದರೂ ಬಂದು ಗದರಿಸಿ ಎಬ್ಬಿಸುತ್ತಾರೆ ಎಂಬುದೂ ಗೊತ್ತಿತ್ತು. ಡಾಂಬರಿನ ಬಿಸಿ ಅಂಗಿಯನ್ನು ದಾಟಿ ಬೆನ್ನಿಗೆ ಹತ್ತುತ್ತಿತ್ತು. ಮೂಗಿನಿಂದ ಒಂದು ಮೊಳ ಮೇಲೆ ಕಬ್ಬಿಣ. ಅವನು ಟಾರ್ಚು ಹೊತ್ತಿಸಿದ.

ಗೇಟಿನ ಬಳಿ ಧಣಿಯ ದನಿ ಕೇಳಿಸಿತು. "ಎಲ್ಲಿ ಹೋದ ಇವನು?"

"ಕೆಲಸದಲ್ಲಿದಾರೆ" ಎಂದಳು ಹೆಂಡತಿ.

"ಒಳಗೆ ಇಷ್ಟು ಗಾಡಿ ಇಟ್ಕೊಂಡು ಹೊರಗೆಂಥ ಕೆಲಸಾನಮ್ಮ?"

ಟ್ರೇಲರಿನ ಕೆಳಗಿನಿಂದ ಮೇಸ್ತ್ರಿಗೆ ಕಂಡದ್ದು ಒಂದು ಜೊತೆ ಕಪ್ಪು ಬೂಟುಗಳು. ಅವು ಗೇಟು ದಾಟಿ ರಸ್ತೆಯ ಅಂಚಿಗೆ ಬಂದು, ಅವನ ತಲೆಯ ಹತ್ತಿರವೇ ನಿಂತವು.

"ಏ, ಎದ್ದು ಬಾರೋ. ಬಟ್ಟೆಯೆಲ್ಲ ಕೊಳೆಯಾಗತ್ತೆ" ಎಂದರು ಧಣಿ, ಬಹಳ ಅಕ್ಕರೆಯಿಂದ.

'ಬಂದೆ ಧಣಿಗಳೇ' ಎಂಬ ಮಾತು ತಾನಾಗಿಯೇ ಗಂಟಲಿಗೆ ಬಂತು. ಮೇಸ್ತ್ರಿ ಟಾರ್ಚನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು ಎರಡೂ ಕೈಗಳಿಂದ ಲಿವರು ಹಿಡಿದ. ಬೂಟುಗಳು ಅಲ್ಲೇ ನಿಂತಿದ್ದವು.